ಮುತ್ಯಾನ ಪಾಲು

ಶ್ರಾವಣದ ಮೊದಲ ಸೋಮವಾರ ನಲಿನಿ ತನ್ನ ಮನೆಯ ಬಾಗಿಲಿಗೆ ಒಂದು ಹಸಿರು ಸ್ಟಿಕರ್ ಅಂಟಿಸಿದಳು. ‘ಇದು ತಂಬಾಕು ಮುಕ್ತ ಮನೆ’ ಎಂದು ಅದರಲ್ಲಿ ತೆಲುಗು, ಉರ್ದು, ಇಂಗ್ಲಿಷ್ ಮೂರರಲ್ಲೂ ಬರೆದಿತ್ತು. ಅವಳ ಅತ್ತೆ ಗುಣವತಿ ಕನ್ನಡಕ ಏರಿಸಿಕೊಂಡು ಬಂದು, ಸ್ಟಿಕರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಜಗಳಕ್ಕೊಂದು ದಾರಿ ಹುಡುಕಿದಳು.

“ಕನ್ನಡದಾಗ ಬರದಿಲ್ಲ. ಹಂಗಾರ ಇದು ನನಗ ಲಾಗೂ ಇಲ್ಲ.”

“ಮೊದಲ ನಿಮಗ ಲಾಗೂ ಐತ್ರಿ ಅತ್ತಿ,” ಎಂದಳು ನಲಿನಿ. “ಮಿಶ್ರಿ ಡಬ್ಬಿ ಇಲ್ಲೆ ಕೊಡ್ರಿ.”

ಮಿಶ್ರಿ ಎಂದರೆ ತಂಬಾಕನ್ನು ಹೆಂಚಿನ ಮೇಲೆ ಕರ್ರಗೆ ಹುರಿದು, ಪುಡಿ ಮಾಡಿ, ಹಲ್ಲಿಗೆ ಉಜ್ಜುವುದು. ಗುಣವತಿ ಮದುವೆಯಾಗಿ ಬಂದ ವರ್ಷದಿಂದ ಅದನ್ನು ಉಜ್ಜಿದವಳು. ಹಲ್ಲುನೋವು ಎಂದರೆ ಮಿಶ್ರಿ, ಹೊಟ್ಟೆ ಕಟ್ಟಿದರೆ ಮಿಶ್ರಿ, ಮನಸ್ಸು ಕೆಟ್ಟರೂ ಮಿಶ್ರಿ. ನಲಿನಿಯ ಕೆಲಸ ಇದಕ್ಕೆ ಸರಿಯಾಗಿ ವಿರುದ್ಧ. ತಂಬಾಕು ಬಿಡಬೇಕೆನ್ನುವವರಿಗಾಗಿ ಸರ್ಕಾರ ನಡೆಸುವ ಸಹಾಯವಾಣಿಯಲ್ಲಿ ಅವಳು ಫೋನ್ ಎತ್ತುತ್ತಿದ್ದಳು. ಈ ವರ್ಷ ಒಂದೊಂದೇ ಬಸ್ತಿಯನ್ನು, ಅಂದರೆ ಓಣಿಯನ್ನು, ತಂಬಾಕು ಮುಕ್ತ ಮಾಡುವ ಕಾರ್ಯಕ್ರಮ ಬಂದಿತ್ತು. ಮೇಲಧಿಕಾರಿ ಶೈಲಶ್ರೀ ಮೀಟಿಂಗಿನಲ್ಲಿ ಖಡಕ್ಕಾಗಿ ಹೇಳಿದ್ದಳು: ಮೊದಲು ನಮ್ಮ ನಮ್ಮ ಮನೆ, ಆಮೇಲೆ ಬಸ್ತಿ. ಎರಡು ತಿಂಗಳ ನಂತರ ಬಂದು ನೋಡುತ್ತೇನೆ.

ಡಬ್ಬಿ ಕೊಡುವುದಕ್ಕೆ ಗುಣವತಿ ಒಪ್ಪಿದಳು. ಎಲ್ಲರಿಗೂ ಆಶ್ಚರ್ಯ. ಆದರೆ ಅವಳದೊಂದು ಷರತ್ತಿತ್ತು.

“ನಂದು ನಾ ಬಿಡತೀನಿ. ನಿಮ್ಮ ಮಾವಂದು ಮಾತ್ರ ಬಿಡಂಗಿಲ್ಲ.”

“ಸತ್ತವರಿಗೆ ಎಂಥಾ ತಂಬಾಕ್ರಿ ಅತ್ತಿ?”

“ಇದ್ದಾಗ ನೀ ಕೊಡಗೊಡಲಿಲ್ಲ. ಬಾಯಿ ಹುಣ್ಣಾಗಿ ಮಾತು ನಿಂತಿತ್ತು. ಮೂರು ತಿಂಗಳ ಹಿಂಗ ಕೈ ಮಾಡಿ ಕೇಳಿದ್ರು.” ಗುಣವತಿ ಎಡಗೈ ಅಂಗೈಯಲ್ಲಿ ಬಲಗೈ ಹೆಬ್ಬೆರಳು ತಿಕ್ಕಿ ತೋರಿಸಿದಳು. “ಡಾಕ್ಟರ್ ಬ್ಯಾಡ ಅಂದಾರ ಅಂತ ನೀ ನನ್ನ ಕೈ ಹಿಡದಿ. ಈಗ ಹಿಡೀಬ್ಯಾಡ.”

ಅದು ನಿಜವಾಗಿತ್ತು. ಮಾವ ವೀರಭದ್ರಪ್ಪ ಬಾಯಿಯ ಕ್ಯಾನ್ಸರಿನಿಂದ ತೀರಿಕೊಂಡು ಮೂರು ವರ್ಷವಾಗಿದ್ದರೂ ಆ ತಿಕ್ಕುವ ಕೈ ಅವಳ ಕಣ್ಣಿಂದ ಹೋಗಿರಲಿಲ್ಲ. ಅವಳ ಗಂಡ ವಿನಾಯಕ ಬೂಟು ಹಾಕಿಕೊಳ್ಳುತ್ತಲೇ ತೀರ್ಪು ಕೊಟ್ಟ: “ಇರ್ಲಿ ಬಿಡು. ಸತ್ತವರಿಗೆ ಕ್ಯಾನ್ಸರ್ ಬರೂದಿಲ್ಲ.”

ಮಿಶ್ರಿ ಡಬ್ಬಿ ಕಸದ ಗಾಡಿಗೆ ಹೋಯಿತು. ಮೊಮ್ಮಗಳು ಮುತ್ಯಾ ಎಂದು ಕರೆಯುತ್ತಿದ್ದ ಅಜ್ಜನ ತಂಬಾಕಿನ ಪೊಟ್ಟಣ ದೇವರ ಕಪಾಟಿನಲ್ಲಿ ಉಳಿಯಿತು.

ತೆಲುಗು ರಾಜ್ಯದ ರಾಜಧಾನಿಯೊಳಗಿನ ಮೆಹದಿಪಟ್ಟಣಂನ ಆ ಕಾಲೊನಿಗೆ ವೀರಭದ್ರಪ್ಪ ಬೀದರದ ಕಡೆಯಿಂದ ಬಂದದ್ದು ನಲವತ್ತು ವರ್ಷದ ಹಿಂದೆ, ರಕ್ಷಣಾ ಇಲಾಖೆಯ ಕಾರ್ಖಾನೆಯ ನೌಕರಿಗೆ. ಎರಡನೆಯ ಮಹಡಿಯ ಮನೆ. ಒಂದು ಹಾಲು, ಹಾಲಿಗೆ ಹೊಂದಿ ಅಡುಗೆಮನೆ, ಬಚ್ಚಲು, ಎರಡು ಕೋಣೆ, ಮುಂದೆ ಬಾಲ್ಕನಿ. ಹೊಸ್ತಿಲ ಹೊರಗೆ ಯಾವ ಭಾಷೆಯಾದರೂ ಆಡಿರಿ, ಒಳಗೆ ಕನ್ನಡ ಎಂಬುದು ಅವನ ಕಟ್ಟಳೆ. ಅವನು ಹೋದ ಮೇಲೂ ಅದು ನಡೆದುಕೊಂಡು ಬಂದಿತ್ತು. ಮೊಮ್ಮಗಳು ಅಪೂರ್ವ ಕಾಲೇಜಿನಲ್ಲಿ ದಿನವೆಲ್ಲ ತೆಲುಗು ಮಾತಾಡಿ ಬಂದು, ಚಪ್ಪಲಿ ಬಿಡುತ್ತಿದ್ದ ಹಾಗೆ ಕನ್ನಡಕ್ಕೆ ತಿರುಗುತ್ತಿದ್ದಳು. ಅವಳ ತೆಲುಗು ಹೇಗಿದೆ ಎಂದು ಮನೆಯಲ್ಲಿ ಯಾರೂ ಕೇಳಿದವರಲ್ಲ.

ಮುತ್ಯಾನ ಪಾಲು ಇಡುವುದಕ್ಕೂ ಒಂದು ಕಟ್ಟಳೆ ಇತ್ತು. ಬೆಳಿಗ್ಗೆ ಎಂಟಕ್ಕೆ ಹಾಲಿನಲ್ಲಿ ಅವನ ಫೋಟೊದ ಮುಂದೆ ಹಿತ್ತಾಳೆಯ ಮುಚ್ಚಳದಲ್ಲಿ ಒಂದು ಚಿಟಿಕೆ ತಂಬಾಕು, ಅದರ ಪಕ್ಕ ಒಂದಿಷ್ಟು ಸುಣ್ಣ. ಇಟ್ಟ ಮೇಲೆ ನೋಡಬಾರದು. ಹಿರಿಯರು ತಿನ್ನುವಾಗ ಬದುಕಿದವರ ಕಣ್ಣು ಬೀಳಬಾರದು. ಗುಣವತಿ ಸೊಸೆಯನ್ನೂ ಕರೆದುಕೊಂಡು ಅಡುಗೆಮನೆ ಸೇರಿ ಬಾಗಿಲು ಮುಚ್ಚುವಳು. ಜೋಳದ ರೊಟ್ಟಿ ತಟ್ಟಿ ಮುಗಿಯುವವರೆಗೂ ಬಾಗಿಲು ತೆಗೆಯುವ ಹಾಗಿಲ್ಲ. ಆಮೇಲೆ ಮುಚ್ಚಳದಲ್ಲಿದ್ದದ್ದನ್ನು ತುಳಸಿ ಕುಂಡಕ್ಕೆ ಚೆಲ್ಲುವುದು. ಮೂರು ವರ್ಷ ಇಟ್ಟದ್ದು ಇಟ್ಟ ಹಾಗೇ ಇರುತ್ತಿತ್ತು.

ಸ್ಟಿಕರ್ ಬಂದ ಎರಡನೆಯ ವಾರ, ಗುರುವಾರ, ಬಾಗಿಲು ತೆಗೆದಾಗ ಮುಚ್ಚಳ ಖಾಲಿಯಾಗಿತ್ತು.

“ನಲಿನಿ, ಇಲ್ಲಿ ಬಾ,” ಎಂದಳು ಗುಣವತಿ. ದನಿ ತಗ್ಗಿತ್ತು. “ನೋಡು.”

“ಗಾಳಿಗೆ ಹಾರಿರಬೇಕ್ರಿ.”

“ಸುಣ್ಣಾನೂ ಹಾರೈತೇನ?”

ಬಚ್ಚಲಿನಲ್ಲಿ ಬಕೀಟಿಗೆ ನೀರು ಬೀಳುತ್ತಿತ್ತು. ಅಪೂರ್ವ ಸ್ನಾನಕ್ಕೆ ಹೋಗಿದ್ದಳು. ವಿನಾಯಕ ಆರಕ್ಕೇ ಪಟಾನ್‌ಚೆರುವಿನ ಬಸ್ಸು ಹಿಡಿದಿದ್ದ. ಅಲ್ಲಿನ ಒಂದು ಔಷಧ ಕಾರ್ಖಾನೆಯಲ್ಲಿ ಅವನ ನೌಕರಿ. ಹಾಲಿನಲ್ಲಿ ಫ್ಯಾನು ಸಹ ತಿರುಗುತ್ತಿರಲಿಲ್ಲ. ಗುಣವತಿ ಫೋಟೊದ ಕಡೆ ನೋಡಿ ಸೆರಗು ಸರಿಮಾಡಿಕೊಂಡಳು.

ಮರುದಿನವೂ ಖಾಲಿ. ಶನಿವಾರವೂ ಖಾಲಿ.

ಮೂರು ವರ್ಷದಲ್ಲಿ ಮೊದಲ ಸಲ ಗುಣವತಿ ಖುಷಿಯಾಗಿದ್ದಳು. ಬೆಳಿಗ್ಗೆಯೇ ಒಳ್ಳೆಯ ಸೀರೆ ಉಡತೊಡಗಿದಳು. ಚಿಟಿಕೆ ದೊಡ್ಡದಾಯಿತು. ರೊಟ್ಟಿ ತಟ್ಟುತ್ತ ಕಿವಿ ಬಾಗಿಲ ಕಡೆ ಕೊಟ್ಟು, “ಬಂದ್ರು ನೋಡು” ಎಂದು ಪಿಸುಗುಡುವಳು. ನಲಿನಿಗೆ ಏನೂ ಕೇಳುತ್ತಿರಲಿಲ್ಲ, ನೀರಿನ ಸದ್ದೊಂದು ಬಿಟ್ಟು. ಆದರೂ ಅವಳು ಬಾಗಿಲಿಗೆ ಬೆನ್ನು ಮಾಡಿ ಕೂರುತ್ತಿರಲಿಲ್ಲ.

ಭಾನುವಾರ ಊಟಕ್ಕೆ ಕೂತಾಗ ನಲಿನಿ ಮಾತು ತೆಗೆದಳು. ಹೆಂಡತಿ ತನ್ನ ಕಡೆ ತಿರುಗಿದ್ದೇ ತಡ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ವಿನಾಯಕ ಎದ್ದು ಕೂತ.

“ನನ್ನ ಯಾಕ ನೋಡತಿ? ಆ ಹೊತ್ತಿನ್ಯಾಗ ನಾ ಬಸ್ಸಿನ್ಯಾಗ ನಿಂತಿರತೀನಿ.”

“ನಾ ಏನರ ಅಂದ್ನೇನ್ರಿ? ಇಲಿ ಇರಬಹುದು ಅಂದೆ.”

“ಇಲಿ ಸುಣ್ಣ ಹಚ್ಚಿಕೊಂಡು ತಂಬಾಕು ತಿಂತಾವೇನ?” ಗುಣವತಿ ನಕ್ಕಳು. “ಅಪ್ಪೂ, ಪುಂಡಿಪಲ್ಯ ಹಾಕ್ಕೊ.”

“ಬ್ಯಾಡ ಆಯಿ. ಮೊಸರನ್ನ ಸಾಕು.”

“ಒಂದು ವಾರಾತು, ಬರೇ ಮೊಸರನ್ನ ತಿನ್ನಾಕತ್ತಿ. ಡಯಟ್ಟೇನ?”

ಅಪೂರ್ವ ಗದ್ದ ಮೇಲೆತ್ತಿ, ತುಟಿ ಪೂರಾ ತೆರೆಯದೆ, “ಹ್ಞೂಂ” ಎಂದಳು. ಗುಣವತಿಯ ಕೈ ತುತ್ತಿನೊಡನೆ ಅಲ್ಲೇ ನಿಂತಿತು. ಸತ್ತ ಗಂಡ ಬಾಯಲ್ಲಿ ತಂಬಾಕಿದ್ದಾಗ ಹಾಗೆಯೇ ಗದ್ದ ಎತ್ತಿ ಹ್ಞೂಂ ಎನ್ನುತ್ತಿದ್ದ. ಮೊಮ್ಮಗಳಿಗೆ ಮುತ್ಯಾನ ಛಾಯೆ ಬರತೊಡಗಿದೆ ಎಂದು ಅವಳಿಗೆ ಸಂತೋಷವೇ ಆಯಿತು.

ಗಣಪತಿ ಕೂರಿಸಿದ ಮೇಲೆ ಒಂದು ದಿನ ಬಾಲ್ಕನಿ ಬಾಗಿಲ ಚೌಕಟ್ಟಿನ ಮೇಲೆ ಸುಣ್ಣದ ಗುರುತು ಕಾಣಿಸಿತು. ಬೆರಳಿನಷ್ಟು ಅಗಲ, ಎರಡಿಂಚು ಉದ್ದ. ಮರುದಿನ ಅದರ ಪಕ್ಕ ಇನ್ನೊಂದು. ವೀರಭದ್ರಪ್ಪ ಸುಣ್ಣದ ಬೆರಳನ್ನು ಒರೆಸುತ್ತಿದ್ದದ್ದು ಅಲ್ಲಿಯೇ. ಅವನು ತೀರಿಕೊಂಡ ಮೇಲೆ ಬಣ್ಣ ಹೊಡೆಸಿ ಆ ಗುರುತುಗಳನ್ನೆಲ್ಲ ಮುಚ್ಚಿದ್ದರು. ನಲಿನಿ ಒದ್ದೆ ಬಟ್ಟೆಯಿಂದ ಉಜ್ಜಿದಳು. ಅತ್ತೆ ನಿಂತು ನೋಡಿದಳು.

“ಎಷ್ಟು ವರಸತಿ? ನಾಳೆ ಮತ್ತ ಬರತಾರ.”

“ಇದು ಯಾರ ಕೆಲಸ ಅಂತ ನನಗ ಗೊತ್ತೈತ್ರಿ ಅತ್ತಿ.”

“ಗೊತ್ತಿದ್ರ ಹೇಳು ಮತ್ತ.”

ನಲಿನಿ ಬಟ್ಟೆ ಹಿಂಡಲು ಬಚ್ಚಲಿಗೆ ಹೋದಳು. ಅವಳ ಲೆಕ್ಕದಲ್ಲಿ ಎಲ್ಲವೂ ಸರಳವಾಗಿತ್ತು: ನಲವತ್ತೈದು ವರ್ಷದ ಚಟ ಒಂದು ತಿಂಗಳಲ್ಲಿ ಹೋಗುವುದಿಲ್ಲ, ಮುದುಕಿ ಮುಚ್ಚಳದಲ್ಲಿ ಇಟ್ಟಂತೆ ಮಾಡಿ ತಾನೇ ತಿನ್ನುತ್ತಿದ್ದಾಳೆ.

ಆ ವಾರವೇ ಮೊದಲ ಕರೆ ಬಂದದ್ದು.

ಮಧ್ಯಾಹ್ನ ಒಂದರಿಂದ ಎರಡರವರೆಗೆ, ಉಳಿದವರು ಊಟಕ್ಕೆ ಹೋದಾಗ, ತೆಲುಗು ಕರೆಗಳಿಗೆ ನಲಿನಿ ಒಬ್ಬಳೇ ಕೂರುತ್ತಿದ್ದಳು. ಆ ಹೊತ್ತಿನಲ್ಲಿ ಅವಳ ಮೊಬೈಲಿಗೆ ಫೋನ್ ಮಾಡಬಾರದೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಸಹಾಯವಾಣಿಗೆ ಕರೆ ಮಾಡಿದವರ ನಂಬರು ಪರದೆಯ ಮೇಲೆ ಕಾಣುವುದಿಲ್ಲ. ಹೆಸರು ಹೇಳಲೇಬೇಕೆಂಬ ನಿಯಮವೂ ಇಲ್ಲ. ಮೇಜಿನ ಮೇಲೊಂದು ಹಾಳೆ ಅಂಟಿಸಿದ್ದರು. ಬೈಯಬಾರದು, ಹೆದರಿಸಬಾರದು, ಯಾರೆಂದು ಹುಡುಕಬಾರದು, ಕರೆ ಮಾಡಿದವರು ಇಟ್ಟುಬಿಡುವವರೆಗೆ ತಾನು ಇಡಬಾರದು. ಮನೆಯಲ್ಲಿ ಒದ್ದೆ ಟವೆಲ್ಲಿಗೆ, ಕಳೆದುಹೋದ ಬಾಚಣಿಗೆಗೆ ಗಂಟಲು ಹರಿಯುವಂತೆ ಕೂಗುವ ನಲಿನಿ, ಆ ಹಾಳೆಯ ಮುಂದೆ ಕೂತರೆ ಬೇರೆಯೇ ಹೆಂಗಸು.

“ಮೇಡಂ,” ಎಂದಿತು ತೆಲುಗಿನಲ್ಲಿ ಒಂದು ಹೆಣ್ಣುದನಿ. ಬಾಯಿ ಅರ್ಧ ಮುಚ್ಚಿಕೊಂಡು ಮಾತಾಡಿದಂತಿತ್ತು. “ಸತ್ತವರ ಚಟ ಬದುಕಿದವರಿಗೆ ಬರುತ್ತದಾ?”

“ಹಾಗೇನೂ ಇಲ್ಲಮ್ಮಾ. ಹೇಳಿ, ನೀವು ಏನು ಬಳಸುತ್ತೀರಿ?”

“ತಂಬಾಕು, ಸುಣ್ಣ. ಮೊದಲು ಹಲ್ಲುನೋವಿಗೆ ಅಂತ ಬೇರೆ ಏನೋ ಹಚ್ಚುತ್ತಿದ್ದೆ. ಮನೆಯಲ್ಲಿ ಇತ್ತು. ಆಮೇಲೆ ಅದು ಸಿಗಲಿಲ್ಲ. ಈಗ ಇದು.”

“ದಿನಕ್ಕೆ ಎಷ್ಟು ಸಲ?”

“ನನಗೆ ಒಂದು ಸಲ ಸಾಕು ಮೇಡಂ. ಅವರಿಗೆ ಸಾಕಾಗುವುದಿಲ್ಲ.”

“ಯಾರಿಗೆ?”

ಕರೆ ನಿಂತುಹೋಯಿತು. ನಲಿನಿ ತೋಳು ಉಜ್ಜಿಕೊಂಡಳು.

ನಾಲ್ಕು ದಿನ ಬಿಟ್ಟು ಅದೇ ಹೊತ್ತಿಗೆ ಅದೇ ದನಿ. ಈ ಸಲ ಹಿಂದೆ ಹುಡುಗಿಯರ ಗಲಾಟೆ, ಎಲ್ಲೋ ಗಂಟೆ ಹೊಡೆದ ಸದ್ದು.

“ಮೇಡಂ, ನನ್ನ ಕೈ ನನ್ನ ಮಾತು ಕೇಳುವುದಿಲ್ಲ. ಓದುತ್ತ ಕೂತಿರುತ್ತೇನೆ. ನೋಡಿದರೆ ಹೆಬ್ಬೆರಳು ಅಂಗೈಯಲ್ಲಿ ತಿಕ್ಕುತ್ತಿರುತ್ತದೆ. ಅಂಗೈಯಲ್ಲಿ ಏನೂ ಇರುವುದಿಲ್ಲ.”

“ಅದು ಅಭ್ಯಾಸ. ಬಿಡುವಾಗ ಎಲ್ಲರಿಗೂ ಹಾಗೆ ಆಗುತ್ತದೆ.”

“ನಾನು ಇನ್ನೂ ಬಿಟ್ಟಿಲ್ಲವಲ್ಲ.” ದನಿ ಇನ್ನಷ್ಟು ತಗ್ಗಿತು. “ಮೊನ್ನೆ ಮಧ್ಯಾಹ್ನ ಕೂತಿದ್ದೆ. ಮನೆಯ ಹಿರಿಯರು ಹಿಂದಿನಿಂದ ನೋಡಿ ಸತ್ತವರೇ ಬಂದಿದ್ದಾರೆ ಅಂದುಕೊಂಡರು. ಮಾತಾಡಿಸಿದರು. ನಾನು ಸತ್ತವರ ಹಾಗೆ ಉತ್ತರ ಕೊಟ್ಟೆ. ಬೇಕಂತ ಅಲ್ಲ ಮೇಡಂ. ತಾನಾಗಿಯೇ ಬಂತು.”

ನಲಿನಿ ಅವಳಿಗೆ ನೀರು ಕುಡಿಯಲು, ಏಲಕ್ಕಿ ಅಗಿಯಲು, ಹತ್ತು ನಿಮಿಷ ತಡೆದು ನೋಡಲು ಹೇಳಿದಳು. ಹಾಳೆಯಲ್ಲಿ ಇದ್ದದ್ದು ಅಷ್ಟೇ.

ದೀಪದ ಕೆಳಗೆ ಕತ್ತಲು ಎನ್ನುತ್ತಾರಲ್ಲ, ಅದು ಇದಕ್ಕೇ. ಆ ಸಂಜೆ ನಲಿನಿ ಮನೆಗೆ ಬಂದಾಗ ಗುಣವತಿ ಅಡುಗೆಮನೆಯ ಕಟ್ಟೆಗೆ ಒರಗಿ ಕಾಯುತ್ತಿದ್ದಳು. ಮೊನ್ನೆ ಭಾನುವಾರ ನೀವೆಲ್ಲ ಮಲಗಿದ್ದಾಗಿನ ಮಾತು, ಯಾರಿಗೂ ಹೇಳಬಾರದೆಂದು ಇಟ್ಟುಕೊಂಡಿದ್ದೆ, ತಡೆಯಲಾಗಲಿಲ್ಲ ಎಂದಳು. ಬಿಸಿಲಿಗೆ ಬೆನ್ನು ಮಾಡಿ ಬಾಲ್ಕನಿಯಲ್ಲಿ ನಿಮ್ಮ ಮಾವ ಕೂತಿದ್ದರು, ಎಡಗಾಲು ಮೇಲೆ ಮಡಚಿಕೊಂಡು. ‘ಯಾವಾಗ ಬಂದ್ರಿ?’ ಎಂದು ಕೇಳಿದೆ, ‘ಹ್ಞೂಂ’ ಅಂದರು ಎಂದಳು. ನಲಿನಿಯ ಕಿವಿಗೆ ಇದು ಅತ್ತೆಯ ಮಂಪರು ಎಂದಷ್ಟೇ ಬಿತ್ತು. ಮಧ್ಯಾಹ್ನದ ಕರೆಯನ್ನು ಅವಳು ಆಫೀಸಿನಲ್ಲೇ ಬಿಟ್ಟು ಬಂದಿದ್ದಳು. ದಿನಕ್ಕೆ ಐವತ್ತು ಕರೆ ಎತ್ತುವವರು ಹಾಗೆ ಬಿಡದಿದ್ದರೆ ಬದುಕುವುದು ಹೇಗೆ.

ಅಮಾವಾಸ್ಯೆಗೆ ಎಂಟು ದಿನ ಇರುವಾಗ ಶೈಲಶ್ರೀ ಮನೆ ನೋಡಲು ಬರುವ ದಿನ ಗೊತ್ತಾಯಿತು. ಶನಿವಾರ ಬೆಳಿಗ್ಗೆ ನಲಿನಿ ಆಫೀಸಿನಿಂದ ತಂದ ಒಂದು ಪರೀಕ್ಷೆಯ ಪಟ್ಟಿಯನ್ನು ಊಟದ ಮೇಜಿನ ಮೇಲೆ ಇಟ್ಟಳು. ಮೂತ್ರದಲ್ಲಿ ಅದ್ದಿದರೆ, ತಂಬಾಕು ತಿಂದವರಾದರೆ ಒಂದು ಗೆರೆ, ತಿನ್ನದವರಾದರೆ ಎರಡು ಗೆರೆ.

“ಅತ್ತಿ, ಸಿಟ್ಟಾಗಬ್ಯಾಡ್ರಿ. ಒಂದು ಬಟ್ಟಲದಾಗ ಹಿಡದು ಕೊಡ್ರಿ.”

ಗುಣವತಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

“ಅತ್ತಿಗೊಂದು ಕಾಲ, ಸೊಸಿಗೊಂದು ಕಾಲ ಅಂತ ಕೇಳಿದ್ದೆ. ಸೊಸಿ ಅತ್ತಿ ಉಚ್ಚಿ ಪರೀಕ್ಷಾ ಮಾಡೂ ಕಾಲ ಬರತೈತಿ ಅಂತ ಯಾರೂ ಹೇಳಿರಲಿಲ್ಲ.”

“ನಲಿನಿ, ಇದು ಭಾಳ ಆತು,” ಎಂದ ವಿನಾಯಕ. ಅವನಿಗೆ ಆ ದಿನ ರಜೆ.

“ನೀವು ಸುಮ್ಮನಿರ್ರಿ. ಮಾವಾರ ಬಾಯಿ ತೊಳದಾಕಿ ನಾನು. ಇನ್ನೊಂದು ಬಾಯಿ ತೊಳಿಯೂ ಶಕ್ತಿ ನನಗಿಲ್ಲ.”

ಕೋಣೆಯ ಬಾಗಿಲಲ್ಲಿ ಅಪೂರ್ವ ಪುಸ್ತಕ ಹಿಡಿದು ನಿಂತಿದ್ದಳು. “ಮಮ್ಮಿ, ಬ್ಯಾಡ,” ಎಂದಳು. “ಆಯಿಗೆ ಹಿಂಗ ಮಾಡಬ್ಯಾಡ.”

“ನಡಿ ಒಳಗ! ಟೆಸ್ಟ್ ಐತಿ ಅಂದಿದ್ದೆಲ್ಲ, ಓದ್ಕೊ ಹೋಗು!”

ಗುಣವತಿ ಎದ್ದು ಸ್ಟೀಲಿನ ಬಟ್ಟಲನ್ನು ತಾನೇ ಆರಿಸಿಕೊಂಡು, ತಲೆ ಎತ್ತಿಕೊಂಡು ಬಚ್ಚಲಿಗೆ ಹೋದಳು. ತಂದು ಮೇಜಿನ ಮೇಲೆ, ಊಟದ ತಟ್ಟೆಗಳ ಪಕ್ಕದಲ್ಲೇ, ಇಟ್ಟಳು. ನಲಿನಿ ಪಟ್ಟಿ ಅದ್ದಿದಳು. ಐದು ನಿಮಿಷ ಕಾಯಬೇಕಿತ್ತು.

ಎರಡು ಗೆರೆ ಮೂಡಿತು. ಸ್ಪಷ್ಟವಾಗಿ, ಒಂದರ ಪಕ್ಕ ಒಂದು.

ನಲಿನಿ ಇನ್ನೊಂದು ಪಟ್ಟಿ ಅದ್ದಿದಳು. ಮತ್ತೆ ಎರಡು. ಮುದುಕಿ ಖರೆಯಾಗಿಯೂ ಬಿಟ್ಟಿದ್ದಳು.

“ಹಂಗಾರ,” ಎಂದಳು ಗುಣವತಿ. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಮುಖ ನಗುತ್ತಿತ್ತು. “ಹಂಗಾರ ಅವರ ತಿನ್ನಾಕತ್ತಾರ. ಈಗ ನಿನ್ನ ಸರ್ಕಾರನ ಹೇಳಿತು.”

ವಿನಾಯಕ ಫೋಟೊದ ಕಡೆ ನೋಡಿ ಬೇಗ ಕಣ್ಣು ತೆಗೆದ. ಆ ದಿನ ಹಾಲಿನಲ್ಲಿ ಯಾರೂ ಒಬ್ಬರೇ ಕೂರಲಿಲ್ಲ. ನಲಿನಿ ಬಟ್ಟಲು ತೊಳೆದಿಟ್ಟಳು, ಮತ್ತೆ ತೊಳೆದಳು. ಅತ್ತೆಯ ಕಾಲು ಹಿಡಿಯಬೇಕೆನಿಸಿತು. ಹೆದರಿಕೆ ಅದಕ್ಕಿಂತ ದೊಡ್ಡದಾಗಿತ್ತು. ಹಾಗಾದರೆ ಬೆಳಿಗ್ಗೆ ಎಂಟಕ್ಕೆ ಆ ಹಾಲಿಗೆ ಬರುವವರು ಯಾರು?

ಶುಕ್ರವಾರ, ಅಮಾವಾಸ್ಯೆಗೆ ಎರಡು ದಿನ ಇರುವಾಗ, ಒಂದೂ ಹತ್ತಕ್ಕೆ ಮೂರನೆಯ ಕರೆ ಬಂತು.

“ಮೇಡಂ, ನನ್ನಿಂದ ಒಂದು ತಪ್ಪಾಗಿದೆ.”

“ಹೇಳಿ ಅಮ್ಮಾ.”

“ನಾನು ತಿಂದದ್ದಕ್ಕೆ ಅಜ್ಜಿಯನ್ನು ಹಿಡಿದರು. ಸ್ಟೀಲ್ ಬಟ್ಟಲಲ್ಲಿ ಹಿಡಿದು ಕೊಡು ಅಂದರು. ಊಟದ ಮೇಜಿನ ಮೇಲೆ ಪರೀಕ್ಷೆ ಮಾಡಿದರು. ಎರಡು ಗೆರೆ ಬಂತು. ಅಜ್ಜಿ ಅಳುತ್ತ ನಕ್ಕರು, ತಾತ ಬರುತ್ತಿದ್ದಾರೆ ಅಂತ.”

ನಲಿನಿಯ ಕೈಯಲ್ಲಿದ್ದ ಪೆನ್ನು ಹಾಳೆಯ ಮೇಲೆ ನಿಂತಿತು. ಹದಿನೇಳು ವರ್ಷ ಕನ್ನಡದಲ್ಲೇ ಕೇಳಿದ ದನಿ ತೆಲುಗಿನಲ್ಲಿ ಬಂದರೆ, ತುಟಿಯ ಹಿಂದೆ ತಂಬಾಕು ಇಟ್ಟುಕೊಂಡು ಬಂದರೆ, ಹೆತ್ತವಳಿಗೂ ಗುರುತು ಸಿಗುವುದಿಲ್ಲವೆಂದು ಅವಳ ಕಾರ್ಯಕ್ರಮದ ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ಎಂಟು ಗಂಟೆಯ ಬಕೀಟಿನ ನೀರು ಕಿವಿಯಲ್ಲಿ ಸುರಿಯಿತು. ನಲ್ಲಿ ಬಿಟ್ಟು ಹೊರಗೆ ಬರಲು ಎಷ್ಟು ಹೊತ್ತು ಬೇಕು?

‘ಅಪ್ಪೂ’ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಆಡಿದರೆ ಕರೆ ಕಡಿದುಹೋಗುತ್ತದೆ. ಗುರುತು ಸಿಕ್ಕವರು ಮತ್ತೆ ಕರೆ ಮಾಡುವುದಿಲ್ಲ. ಇದು ಅವಳಿಗೆ ಆರು ವರ್ಷದ ಅನುಭವ. ಅವಳು ಎಡಗೈಯಿಂದ ಮೇಜಿನ ಅಂಚು ಹಿಡಿದುಕೊಂಡಳು.

“ನಿಮ್ಮ ಬಾಯಿಯೊಳಗೆ ಏನಾದರೂ ಆಗಿದೆಯಾ, ಅಮ್ಮಾ?” ತೆಲುಗಿನಲ್ಲಿಯೇ ಕೇಳಿದಳು.

“ಕೆಳತುಟಿಯ ಹಿಂದೆ ಬೆಳ್ಳಗೆ ಆಗಿದೆ. ಖಾರ ತಾಗಿದರೆ ಉರಿ.”

“ಎಷ್ಟು ದಿನದಿಂದ?”

“ಗಣಪತಿ ಹಬ್ಬಕ್ಕೂ ಮೊದಲಿಂದ.”

ಮೊಸರನ್ನ. ನಲಿನಿ ಕಣ್ಣು ಮುಚ್ಚಿ ತೆರೆದಳು. “ತಂಬಾಕು ಬಿಟ್ಟರೆ ಈ ವಯಸ್ಸಿನಲ್ಲಿ ಅಂಥ ಕಲೆ ಬಹಳ ಸಲ ತಾನೇ ಹೋಗುತ್ತದೆ. ಆದರೆ ಡಾಕ್ಟರು ನೋಡಲೇಬೇಕು. ಸೋಮವಾರವೇ ನೋಡಬೇಕು. ನಿಮ್ಮ ಅಮ್ಮನಿಗೆ ಹೇಳಿದ್ದೀರಾ?”

ಆ ಕಡೆ ಎಲ್ಲೋ ಗಂಟೆ ಹೊಡೆಯಿತು.

“ಮನೆಯಲ್ಲಿ ಅಮ್ಮ ಬೈಯುತ್ತಾಳೆ. ಫೋನಿನಲ್ಲಿ ಬೈಯುವುದಿಲ್ಲ. ಅದಕ್ಕೇ ಇಲ್ಲಿಗೆ ಮಾಡಿದೆ, ಮೇಡಂ.”

ನಲಿನಿ ಅಳಲಿಲ್ಲ. ಅತ್ತರೆ ಕೇಳಿಸುತ್ತದೆ. “ಒಳ್ಳೆಯದು ಮಾಡಿದಿರಿ,” ಎಂದಳು. “ಯಾವ ದಿನದಿಂದ ಬಿಡುತ್ತೀರಿ? ಒಂದು ದಿನ ಹೇಳಿ. ಬರೆದುಕೊಳ್ಳುತ್ತೇನೆ.”

“ಅಮಾವಾಸ್ಯೆ ದಿನದಿಂದ. ಆದರೆ ಅಜ್ಜಿಗೆ ಯಾರು ಹೇಳುತ್ತಾರೆ, ತಾತ ಬರುತ್ತಿರಲಿಲ್ಲ ಅಂತ?”

ಹಾಳೆಯಲ್ಲಿ ಅದಕ್ಕೆ ಉತ್ತರ ಇರಲಿಲ್ಲ.

ಆ ಸಂಜೆ ನಲಿನಿ ಮಗಳ ತಟ್ಟೆಗೆ ಮೊಸರನ್ನ ಮೆತ್ತಗೆ ಕಲಸಿ ಹಾಕಿದಳು. ಹಾಸಿಗೆಯ ಮೇಲಿದ್ದ ಒದ್ದೆ ಟವೆಲ್ ತೆಗೆದು ತಾನೇ ಒಣಹಾಕಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ವಿನಾಯಕನನ್ನು ಮೆಟ್ಟಿಲಿಗೆ ಕರೆದುಕೊಂಡು ಹೋಗಿ ಹೇಳಿದಾಗ ಅವನು ಅಲ್ಲೇ ಕೂತ.

“ಅವ್ವಗ ಹೇಳಬ್ಯಾಡ. ಅದೊಂದರ ಮ್ಯಾಲೆ ಆಕಿ ನಗಾಕತ್ತಾಳ.”

“ಹೇಳಲಿಲ್ಲಂದ್ರ ಆಕಿ ಇಡತಾಳ. ಆಕಿ ಇಟ್ರ ಈಕಿ ತಿಂತಾಳ.”

“ನಾಳೆ ನಾ ಪೊಟ್ಟಣ ಒಗದುಬಿಡತೀನಿ.”

“ಮೆಹದಿಪಟ್ಟಣದಾಗ ತಂಬಾಕಿಗೆ ಬರ ಐತೇನ್ರಿ?”

ಇಬ್ಬರಿಗೂ ಧೈರ್ಯ ಸಾಲಲಿಲ್ಲ. ಶನಿವಾರ ಬೆಳಿಗ್ಗೆಯೂ ಮುಚ್ಚಳ ಇಡಲಾಯಿತು, ಬಾಗಿಲು ಮುಚ್ಚಲಾಯಿತು, ಬಚ್ಚಲಲ್ಲಿ ನೀರು ಬಿತ್ತು. ಈ ಸಲ ನಲಿನಿಗೆ ಆ ನೀರಿನ ಹಿಂದೆ ಬರಿಗಾಲಿನ ಹೆಜ್ಜೆಯೂ ಕೇಳಿಸಿತು. ಅದು ಮಗಳ ಹೆಜ್ಜೆಯ ಹಾಗಿರಲಿಲ್ಲ. ಎಡಗಾಲು ಸ್ವಲ್ಪ ಎಳೆದಂತಿತ್ತು, ವಯಸ್ಸಾದವರು ಬಂದಂತೆ. ಅವಳು ಚಿಲಕಕ್ಕೆ ಕೈ ಹಾಕಿದಳು, ತೆಗೆಯಲು ಆಗಲಿಲ್ಲ.

ಭಾನುವಾರ ಮಾನಮಿ ಅಮಾವಾಸ್ಯೆ, ಹಿರಿಯರಿಗೆ ಎಡೆ ಇಡುವ ದಿನ. ಅದನ್ನೇ ಪೆತ್ರಮಾಸ ಎನ್ನುವ ಕೆಳಗಿನ ಮನೆಯ ತೆಲುಗರು ಹಬ್ಬದ ಅಡುಗೆ ಹಂಚುತ್ತಿದ್ದರು. ಗುಣವತಿ ಬೆಳಿಗ್ಗೆಯಿಂದ ಉಪವಾಸ ಇದ್ದು ಹೋಳಿಗೆ, ಕಟ್ಟಿನ ಸಾರು, ಎಣ್ಣೆಗಾಯಿ ಮಾಡಿದ್ದಳು. ಬಾಳೆಯೆಲೆಯ ಮೇಲೆ ಎಡೆ ಬಡಿಸಿ, ಹೊಸ ಧೋತರ ಇಟ್ಟು, ಕೊನೆಗೆ ಮುಚ್ಚಳದಲ್ಲಿ ಹಬ್ಬದ ಲೆಕ್ಕಕ್ಕೆ ಮೂರು ಬೆರಳು ತುಂಬ ತಂಬಾಕು ಹಾಕಿದಳು. ಸುಣ್ಣ ಇಟ್ಟಳು. ಎಲ್ಲರೂ ಕೈಮುಗಿದು ಅಡುಗೆಮನೆಗೆ ಸರಿದರು. ಅಪೂರ್ವ ಮಾತ್ರ ಎಲೆಯ ಮುಂದೆ ಕೂತೇ ಇದ್ದಳು.

“ಅಪ್ಪೂ, ಬಾ ಈ ಕಡೆ. ಮುತ್ಯಾ ಬರೂ ಹೊತ್ತು.”

“ಮುತ್ಯಾ ಬರೂದಿಲ್ಲ ಆಯಿ.”

“ಹಂಗ ಅನಬಾರದವ್ವ, ಹಬ್ಬದ ದಿನ.”

“ನಾನ ಬರತಿದ್ದೆ, ಆಯಿ.”

ಗುಣವತಿ ನಕ್ಕಳು. “ಸುಳ್ಳ. ನಿಮ್ಮವ್ವ ಹೇಳಿಕೊಟ್ಟಾಳೇನ?” ನಲಿನಿಯ ಮುಖ ನೋಡಿದಳು, ಮಗನ ಮುಖ ನೋಡಿದಳು. ನಗು ನಿಂತಿತು.

ಅಪೂರ್ವ ಮುಚ್ಚಳದಿಂದ ತಂಬಾಕು ತೆಗೆದು ಎಡ ಅಂಗೈಗೆ ಹಾಕಿದಳು. ಉಗುರ ತುದಿಯಿಂದ ಸುಣ್ಣ. ಹೆಬ್ಬೆರಳು ತಿಕ್ಕತೊಡಗಿತು. ಎರಡು ಸಲ ತಿಕ್ಕಿ ಒಂದು ಸಲ ತಟ್ಟುವುದು, ಮತ್ತೆ ಎರಡು ಸಲ ತಿಕ್ಕುವುದು. ಗುಣವತಿ ನಲವತ್ತು ವರ್ಷ ನೋಡಿದ ಕೈ ಅದು. ಬಳೆ ಹಾಕಿಕೊಂಡಿತ್ತು, ಅಷ್ಟೇ. ಹುಡುಗಿಯ ಕಣ್ಣು ಕೈಯ ಮೇಲಿರಲಿಲ್ಲ; ಎಲ್ಲೋ ದೂರ ನೋಡುತ್ತಿತ್ತು. ಮೂರು ಬೆರಳು ಚಿಟಿಕೆ ಹಿಡಿದು ತುಟಿಯ ಕಡೆ ಏರಿದವು. ನಲಿನಿ ಮುಂದೆ ಹಾರಿದಳು, ವಿನಾಯಕ ತಡೆದ. ಕೈ ನಡುದಾರಿಯಲ್ಲಿ ತಡೆದು, ಮತ್ತೆ ಏರಿತು.

“ಆಯಿ, ಹಿಡಿ,” ಎಂದಳು ಅಪೂರ್ವ. “ನನ್ನ ಕೈ ಹಿಡಿ. ಅದು ನಿಲ್ಲೂದಿಲ್ಲ.”

ಗುಣವತಿ ಓಡಿಬಂದು ಆ ಕೈಯನ್ನು ಎರಡೂ ಕೈಯಿಂದ ಹಿಡಿದಳು. ಬೆರಳು ಬಿಡಿಸಿ ತಂಬಾಕು ಉದುರಿಸಿದಳು. ಆಮೇಲೆ ಮೊಮ್ಮಗಳನ್ನು ಎಬ್ಬಿಸಿ ಬಾಲ್ಕನಿಯ ಬೆಳಕಿಗೆ ಎಳೆದುಕೊಂಡು ಹೋದಳು.

“ಬಾಯಿ ತಗಿ.”

ಕೆಳತುಟಿಯನ್ನು ಬೆರಳಿನಿಂದ ಮಡಚಿ ನೋಡಿದಳು. ಬಹಳ ಹೊತ್ತು ನೋಡಿದಳು.

“ಅವರಿಗೂ ಇಲ್ಲೇ ಸುರು ಆಗಿತ್ತು,” ಎಂದಳು ಕೊನೆಗೆ. “ಇಷ್ಟ ಇತ್ತು, ಅಕ್ಕಿಕಾಳಿನಷ್ಟು. ನನಗ ಮೊದಲ ತೋರ್ಸಿದ್ರು. ಸುಣ್ಣ ಸುಟ್ಟಿರಬೇಕು, ಬೆಣ್ಣಿ ಹಚ್ಚಿಕೊರ್ರಿ ಅಂದೆ. ಎರಡು ವರ್ಷ ಬೆಣ್ಣಿ ಹಚ್ಚಿದೆ.”

“ಅತ್ತಿ, ನಾಳೆ ದವಾಖಾನಿಗೆ ಹೋಗೂನು,” ಎಂದಳು ನಲಿನಿ. “ಇನ್ನೂ ಹೊತ್ತು ಐತ್ರಿ. ಇನ್ನೂ ಭಾಳ ಹೊತ್ತು ಐತಿ.”

ಗುಣವತಿ ಕೇಳಿಸಿಕೊಂಡಳೋ ಇಲ್ಲವೋ. ಒಳಗೆ ಬಂದು ಎಡೆಯ ಮುಂದೆ ಕೂತಳು. ದೇವರ ಕಪಾಟಿನ ಪೊಟ್ಟಣವನ್ನು ತರಿಸಿ ನಲಿನಿಯ ಕೈಗೆ ಕೊಟ್ಟಳು. ಹೋಳಿಗೆಯ ಮೇಲೆ ಇನ್ನೊಂದು ಚಮಚ ತುಪ್ಪ ಹಾಕಿದಳು. ಆಮೇಲೆ ಫೋಟೊದ ಕಡೆ ನೋಡಿ, ಮನೆಗೆ ಬಂದ ನೆಂಟರಿಗೆ ಹೇಳುವ ಹಾಗೆ, ಸಮಾಧಾನವಾಗಿ ಹೇಳಿದಳು:

“ಊಟ ಮಾಡ್ರಿ. ಹೊಟ್ಟಿ ತುಂಬ ಉಂಡು ಹೋಗ್ರಿ. ಇನ್ನ ಬರಬ್ಯಾಡ್ರಿ. ನಾನ ಬರತೀನಿ ನಿಮ್ಮ ಕಡೆ, ಭಾಳ ದಿನ ಇಲ್ಲ. ಅಲ್ಲೀತನಕ ತಡೀರಿ. ಕೂಸಿನ ಬಾಯಿಗೆ ಬರಬ್ಯಾಡ್ರಿ.”